ನಾಲ್ಕು ಎಣಿಸುವಷ್ಟು ಬಿಸಿ

ತಾಯಿಗೆ ಹೊದಿಸುವ ಬಿಳಿ ಬಟ್ಟೆಗೆ ಮಗಳು ಇಸ್ತ್ರಿ ಹಾಕುತ್ತಿದ್ದಳು. ಬೆರಳು ನೀರಿಗೆ ಅದ್ದಿ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಸೋಕಿಸಿದಳು. ಹನಿ ಚುಂಯ್ ಎಂದು ಹಾರಿಹೋಯಿತು. ಬಿಸಿ ಹೆಚ್ಚಾಗಿದೆ. ಗುಂಡಿಯನ್ನು ಒಂದು ಗೆರೆ ಇಳಿಸಿ ಕಾದಳು.

"ಸತ್ತವರಿಗೆ ಸುಕ್ಕು ಕಾಣುತ್ತೇನೇ?" ಹೊಸ್ತಿಲ ಬಳಿ ಕುಳಿತಿದ್ದ ಚಿಕ್ಕಮ್ಮ ಕೇಳಿದಳು.

"ಇವಳಿಗೆ ಕಾಣುತ್ತೆ."

"ಅದೂ ನಿಜವೇ. ನನ್ನ ಮದುವೆ ದಿನ ಅಕ್ಕ ನನ್ನ ಮುಖ ನೋಡಲೇ ಇಲ್ಲ. ತೋಳಿನ ಮಡಿಕೆ ನೋಡಿದ್ಲು."

ಬೀದಿಗೆ ತೆರೆದ ಈ ಮುಂಗೋಣೆಯೇ ಇಸ್ತ್ರಿ ಅಂಗಡಿ. ಒಳಗಿನ ಕೋಣೆಯಲ್ಲಿ ತಾಯಿಯನ್ನು ಮಲಗಿಸಿದ್ದರು. ಗೋಡೆಯ ಹಲಗೆಗಳ ಮೇಲೆ ಗಿರಾಕಿಗಳ ಬಟ್ಟೆಗಳು ಇನ್ನೂ ಹಾಗೆಯೇ ಇದ್ದವು. ಒಬ್ಬೊಬ್ಬರ ಕಾಲರಿನ ಒಳಗೂ ಅಳಿಸದ ಕಪ್ಪು ಶಾಯಿಯಲ್ಲಿ ಒಂದೊಂದು ಗುರುತು. ಒಬ್ಬರಿಗೆ ಎರಡು ಗೆರೆ, ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಕತ್ತರಿ. ಹಿಂದೆ ಮಗಳ ಶಾಲೆಯ ಬಟ್ಟೆಗೂ ಒಂದು ಗುರುತಿತ್ತು. ಓರೆ ಗೆರೆ, ಅದರ ಕೆಳಗೊಂದು ಚುಕ್ಕೆ. ಅದನ್ನು ತಾಯಿ ಬೇರೆ ಯಾವ ಗಿರಾಕಿಗೂ ಕೊಟ್ಟಿರಲಿಲ್ಲ.

ಬುಧವಾರ ಮಧ್ಯಾಹ್ನ ಇದೇ ಮೇಜಿನ ಪಕ್ಕದ ಕುರ್ಚಿಯಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಕೂರುವ ಮುಂಚೆ ಪ್ಲಗ್ಗು ಕಿತ್ತಿದ್ದಳು. ಮೇಜಿನ ಮೇಲಿದ್ದ ಅಂಗಿಗೆ ಒಂದು ಕಲೆಯೂ ಆಗಿರಲಿಲ್ಲ.

"ಆ ಭಾನುವಾರದವನು ಬರ್ತಾನೋ ಏನೋ," ಚಿಕ್ಕಮ್ಮ ದನಿ ತಗ್ಗಿಸಿದಳು.

ಎರಡು ದಿನದಿಂದ ಮಗಳ ಕಣ್ಣೂ ಬಾಗಿಲ ಕಡೆಗೇ ಇತ್ತು. ಒಂಬತ್ತು ವರ್ಷ ಪ್ರತಿ ಭಾನುವಾರ ಮೂರು ಗಂಟೆಗೆ ಅಂಗಡಿ ಮುಚ್ಚಿ ಹೋಗುತ್ತಿದ್ದ ತಾಯಿ ಎಲ್ಲಿಗೆ ಹೋಗುತ್ತಿದ್ದಳು? ಬರುವಾಗ ಮೈಯೆಲ್ಲ ಸುಟ್ಟ ಹರಳೆಣ್ಣೆಯ ವಾಸನೆ. ಹರಳೆಣ್ಣೆ ಹಚ್ಚಿಕೊಳ್ಳುವ ಯಾವನೋ ಮುದುಕ ಇರಬೇಕೆಂದು ಚಿಕ್ಕಮ್ಮ ಎಂದೋ ತೀರ್ಮಾನಿಸಿದ್ದಳು. ಮಗಳಿಗೆ ಮುದುಕನ ಚಿಂತೆ ಇರಲಿಲ್ಲ. ತನಗಿಂತ ಹೆಚ್ಚಿನದು ಅಲ್ಲಿ ಏನಿತ್ತು, ಅಷ್ಟು ತಿಳಿದರೆ ಸಾಕಿತ್ತು.

*

ಹೋದ ಭಾನುವಾರವೂ ಅದೇ ಜಗಳ.

"ಆರು ದಿನ ಊರವರ ಬಟ್ಟೆ. ಏಳನೇ ದಿನ ಆ ಎಣ್ಣೆ ವಾಸನೆ. ನನಗೆ ಯಾವ ದಿನಮ್ಮಾ?"

ತಾಯಿ ಚಪ್ಪಲಿ ಮೆಟ್ಟುತ್ತ, "ಬಾ, ನೀನೇ ನೋಡು," ಎಂದಿದ್ದಳು.

"ಬಾಯಲ್ಲಿ ಹೇಳೋಕೆ ಆಗಲ್ವಾ?"

"ಹೇಳಿದ್ರೆ ನಗ್ತೀಯ. ನೋಡಿದ್ರೆ ನಗಲ್ಲ. ಕರೆದಾಗ ಬರಲ್ಲ ಅಂತೀಯಲ್ಲ, ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ."

"ಎಣ್ಣೆ ಮಾತು ಮಾತ್ರ ಎತ್ತಬೇಡ!"

ತಾಯಿಗೆ ನಗು ಬಂತು. ಮಗಳಿಗೆ ಬರಲಿಲ್ಲ. ತನ್ನ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಟಿವಿ ಹಚ್ಚಿ ಕುಳಿತಳು.

*

ಎರಡೂವರೆಗೆ ಅಂಗಡಿಯ ಬಾಗಿಲಿಗೆ ಇಬ್ಬರು ಗಂಡಸರು ಬಂದರು. ಒಬ್ಬ ಖಾಕಿ ಅಂಗಿಯ ಬಸ್ ಡ್ರೈವರು. ಇನ್ನೊಬ್ಬರು ಮುಂದಿನ ಬೀದಿಯ ಹಲ್ಲು ಡಾಕ್ಟರು. ಇಬ್ಬರೂ ಸೇರಿ ಎತ್ತಿ ತಂದಿದ್ದು ಮೊಣಕೈಯುದ್ದದ, ರಿಮೋಟಿನಿಂದ ಓಡಿಸುವ ಆಟಿಕೆ ಲಾರಿ. ದಪ್ಪ ಚಕ್ರ, ಬೆನ್ನ ಮೇಲೆ ಪುಟ್ಟ ಎಂಜಿನ್ನು. ಅದರ ಜೊತೆಗೇ ಆ ವಾಸನೆಯೂ ಒಳಗೆ ಬಂತು.

"ಯಾರ ಮನೆ ಹುಟ್ಟುಹಬ್ಬ ಅಂದುಕೊಂಡ್ರಪ್ಪಾ?" ಚಿಕ್ಕಮ್ಮ ಕೇಳಿದಳು.

ಡ್ರೈವರು ಲಾರಿಯನ್ನು ಕೆಳಗಿಟ್ಟ. "ಇದು ಅಮ್ಮಂದು. ನಾವು ಭಾನುವಾರದವರು."

"ಇಬ್ಬಿಬ್ಬರಾ!" ಎಂದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಹನ್ನೊಂದು ಜನ," ಡಾಕ್ಟರು ಏನೂ ಅರ್ಥವಾಗದೆ ಹೇಳಿದರು. "ಮಿಕ್ಕವರು ಬೀದಿ ತುದೀಲಿ ನಿಂತಿದ್ದಾರೆ. ಒಳಗೆ ಬರೋಕೆ ಸಂಕೋಚ."

ಮಗಳು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ಗು ಕಿತ್ತು, ಇವರ ಕಡೆ ತಿರುಗಿದಳು.

"ಅಮ್ಮ ಅಲ್ಲಿ ಏನು ಮಾಡ್ತಿದ್ರು?"

*

ಡ್ರೈವರು ಹೇಳಿದ್ದು ಇಷ್ಟು. ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಸೇರಿ ಇಂಥ ಲಾರಿಗಳನ್ನು ಓಡಿಸುವುದು ಇವರ ಹವ್ಯಾಸ. ಒಂಬತ್ತು ವರ್ಷದ ಹಿಂದೆ ಅವನು ಸಮವಸ್ತ್ರ ತೆಗೆದುಕೊಳ್ಳಲು ಬಂದಾಗ ಕಂಕುಳಲ್ಲಿ ಲಾರಿಯಿತ್ತು, ಮುಖ ಬಾಡಿತ್ತು. ಎರಡು ಎಂಜಿನ್ನು ಸುಟ್ಟಿದ್ದ, ಇದು ಮೂರನೆಯದು. ಹರಳೆಣ್ಣೆ ಬೆರೆತ ಇಂಧನ ಬಿಡುವ ಸ್ಕ್ರೂ ಬಿಗಿ ಮಾಡಿದರೆ ಓಟ ಜೋರು, ಬಿಸಿಯೂ ಜೋರು. ಸಡಿಲಿಸಿದರೆ ತಂಪು, ಆದರೆ ಹೊಗೆ ಕಾರಿ ಕುಂಟುತ್ತದೆ. ಅದಕ್ಕೇ ಅವನ ಬಳಿ ದೂರದಿಂದ ಗುರಿಯಿಟ್ಟು ಬಿಸಿ ಅಳೆಯುವ ಪಿಸ್ತೂಲಿನಂಥ ಯಂತ್ರ ಇತ್ತು. ಅಂಗಡಿಯ ಮುಂದೆ ಓಡಿಸಿ ಅಳೆದು ತೋರಿಸಿದ. ಎಪ್ಪತ್ತು ಡಿಗ್ರಿ.

ಇಸ್ತ್ರಿಯಮ್ಮ ಬೆರಳದ್ದಿ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ಬಿಟ್ಟಳು. ಬಿದ್ದದ್ದೇ ತಡ, ಹಾರಿಹೋಯಿತು.

"ಎಪ್ಪತ್ತಂತೆ! ನಿಮ್ಮ ಪಿಸ್ತೂಲು ಸುಳ್ಳು ಹೇಳುತ್ತಪ್ಪ."

ನಂಬದೆ ನಕ್ಕ. ಲಾರಿಯನ್ನು ಸಂಜೆವರೆಗೆ ಅಲ್ಲೇ ಬಿಟ್ಟು ಹೋಗುತ್ತೇನೆಂದ. ಬಿಟ್ಟುಹೋದ ವಸ್ತು ಅದಲುಬದಲಾಗಬಾರದಲ್ಲ, ಅದು ತಣ್ಣಗಾದ ಮೇಲೆ ಅವಳು ಶಾಯಿ ಪೆನ್ನು ತೆಗೆದು, ಅವನ ಅಂಗಿಗಿದ್ದ ಎರಡು ಗೆರೆಯನ್ನೇ ಎಂಜಿನ್ನಿನ ತಲೆಗೂ ಬರೆದಳು. ಸಂಜೆ ಬಂದವನು ಮತ್ತೆ ಓಡಿಸಿ, ಆ ಕಪ್ಪು ಗೆರೆಗೇ ಗುರಿಯಿಟ್ಟು ಅಳೆದ. ನೂರ ನಲವತ್ತು!

"ಹೊಳೆಯೋ ಲೋಹಕ್ಕೆ ಗುರಿಯಿಟ್ಟರೆ ಆ ಯಂತ್ರ ಮೋಸ ಹೋಗುತ್ತೆ," ಡಾಕ್ಟರು ವಿವರಿಸಿದರು. "ಕಪ್ಪು ಬಳಿದ ಜಾಗದಲ್ಲಿ ನಿಜ ಹೇಳುತ್ತೆ. ನಾನು ಇಷ್ಟು ಓದಿದವನು, ನನಗೆ ಹೊಳೆದಿರಲಿಲ್ಲ."

"ಹನಿ ನಾಲ್ಕು ಎಣಿಸೋವರೆಗೆ ಇರಬೇಕು ಅನ್ನೋರು," ಡ್ರೈವರು ಹೇಳಿದ. "ಒಂದಕ್ಕೇ ಹೋದ್ರೆ ಎಂಜಿನ್ ಸುಡುತ್ತೆ, ಹತ್ತಾದ್ರೂ ಹೋಗದಿದ್ರೆ ಸೋಮಾರಿ. ಅವತ್ತಿಂದ ಪ್ರತಿ ಭಾನುವಾರ ಅವರೂ ಮೈದಾನಕ್ಕೆ ಬರೋರು, ಯಾರ ಎಂಜಿನ್ನೂ ಸುಟ್ಟಿಲ್ಲ. ಎಲ್ಲರ ಲಾರಿಗೂ ಅವರೇ ಗುರುತು ಹಾಕಿದ್ರು. ಹೋದ ವರ್ಷ ನಾವೆಲ್ಲ ಸೇರಿ ಅವರಿಗೂ ಒಂದು ಕೊಡಿಸಿದ್ವಿ."

ಮಗಳು ಬಗ್ಗಿ ನೋಡಿದಳು. ಎಂಜಿನ್ನಿನ ತಲೆಯ ಮೇಲೆ ಓರೆ ಗೆರೆ, ಅದರ ಕೆಳಗೊಂದು ಚುಕ್ಕೆ.

ಬೆರಳ ತುದಿಯಿಂದ ಆ ಚುಕ್ಕೆಯನ್ನು ಮುಟ್ಟಿ ನೋಡಿದಳು.

"ಹೋದ ಭಾನುವಾರ ಸ್ಕ್ರೂ ಸರಿಮಾಡ್ತಾ ಇದ್ದವರು ಅರ್ಧಕ್ಕೇ ಎದ್ರು," ಡ್ರೈವರು ಹೇಳಿದ. "'ಇನ್ನೂ ಬಿಸಿ ಇದೆ, ಇರಲಿ. ಮಗಳು ಮುನಿಸಿಕೊಂಡಿದ್ದಾಳೆ, ಅವಳ ಮನೆಗೆ ಹೋಗಿ ಬರ್ತೀನಿ' ಅಂದ್ರು. ಅವತ್ತಿಂದ ಯಾರೂ ಮುಟ್ಟಿಲ್ಲ, ಅಕ್ಕಾ."

ಭಾನುವಾರ ಸಂಜೆ ಮಗಳ ಮನೆಯ ಬಾಗಿಲನ್ನು ಯಾರೋ ತಟ್ಟಿದ್ದರು. ಮಾರುವವರಿರಬೇಕೆಂದು ಅವಳು ಟಿವಿಯ ಸದ್ದು ಏರಿಸಿದ್ದಳು. ಆಮೇಲೆ ಕಸ ಇಡಲು ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸುಟ್ಟ ಹರಳೆಣ್ಣೆಯ ವಾಸನೆ ಮಾತ್ರ ಇತ್ತು. ಭಾನುವಾರದ ಕೆಲಸ ಬಿಟ್ಟು ಅಮ್ಮ ಬರುವವಳಲ್ಲ, ಯಾರ ಮನೆಯ ಒಲೆಯದೋ ಎಂದುಕೊಂಡಿದ್ದಳು.

ಬೀದಿಯಲ್ಲಿ ಹಾರ್ನ್ ಕೇಳಿಸಿತು. ಶವ ಒಯ್ಯುವ ವ್ಯಾನು.

"ಈ ಲಾರಿ ಚಾಲೂ ಮಾಡಿ," ಮಗಳು ಹೇಳಿದಳು.

"ಈಗಲಾ?" ಎಂದಳು ಚಿಕ್ಕಮ್ಮ.

"ಈಗಲೇ. ಬಿಸಿ ಇದೆ ಅಂತ ಅಮ್ಮನೇ ಹೇಳಿದ್ದಾಳೆ. ಹಾಗೇ ಬಿಟ್ಟು ಅವಳನ್ನ ಹೇಗೆ ಕಳಿಸೋದು?"

ಡ್ರೈವರು ಹೊರಗೆ ಕುಕ್ಕರುಗಾಲಲ್ಲಿ ಕೂತು ದಾರ ಎಳೆದ. ಒಮ್ಮೆ, ಎರಡು ಸಲ. ಮೂರನೆಯದಕ್ಕೆ ಲಾರಿ ಕಿರುಚಿಕೊಂಡಿತು. ಬೀದಿ ತುದಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಡ್ರೈವರು ಲಾರಿಯನ್ನು ನಾಲ್ಕು ಸಲ ಅತ್ತಿಂದಿತ್ತ ಓಡಿಸಿ ಕಾಯಿಸಿ ಮಗಳ ಪಾದದ ಮುಂದೆ ನಿಲ್ಲಿಸಿದ. ಡಾಕ್ಟರು ಬಿಸಿ ಅಳೆಯುವ ಪಿಸ್ತೂಲು ಎತ್ತಿದರು. ಡ್ರೈವರು ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

ಮಗಳು ನೀರಿನ ಬಟ್ಟಲಲ್ಲಿ ಬೆರಳದ್ದಿ ಒಂದು ಹನಿ ಬಿಟ್ಟಳು. ಒಂದು ಎನ್ನುವಷ್ಟರಲ್ಲಿ ಮಾಯ.

"ಸ್ಕ್ರೂ ಯಾವ ಕಡೆಗೆ?"

"ಎಡಕ್ಕೆ. ಕೂದಲೆಳೆಯಷ್ಟು."

ತಿರುಗಿಸಿದಳು. ಲಾರಿ ಮತ್ತೆ ಬೀದಿ ಸುತ್ತಿ ಬಂತು. ಈ ಸಲ ಅದರ ಹಿಂದೆ ದಾರದಷ್ಟು ತೆಳುವಾದ ಹೊಗೆ. ವ್ಯಾನಿನವನು ಹಿಂದಿನ ಬಾಗಿಲು ತೆರೆದಿಟ್ಟು, ಸಮಯ ಮೀರುತ್ತಿದೆ ಎನ್ನಲು ಬಂದವನು, ತಾನೂ ಬಗ್ಗಿ ನೋಡಿದ.

ಮಗಳು ಮತ್ತೊಮ್ಮೆ ಬೆರಳದ್ದಿದಳು.

"ಒಂದು," ಎಂದ ಡ್ರೈವರು.

"ಎರಡು," ಎಂದರು ಅವನ ಹಿಂದಿದ್ದವರು.

"ಮೂರು," ಹೊಸ್ತಿಲಿಂದ ಎದ್ದು ಬಂದಿದ್ದ ಚಿಕ್ಕಮ್ಮ ಎಲ್ಲರಿಗಿಂತ ಜೋರಾಗಿ ಹೇಳಿದಳು.

ಓರೆ ಗೆರೆಯಿಂದ ಜಾರಿದ ಹನಿ ಕೆಳಗಿನ ಚುಕ್ಕೆಯ ಮೇಲೆ ನಿಂತು, ನಡುಗುತ್ತ, ಇನ್ನೂ ಆರಿರಲಿಲ್ಲ.