ಒರತೆಗೆ ಬಂದ ಹೊಟ್ಟು

ಗಾಷ್ಪರ್ ಮೇಲೇ ನನ್ನ ಅನುಮಾನ. ಇನ್ಯಾರ ಮೇಲೆ ಬರಬೇಕಿತ್ತು? ಮೇಲೂರಲ್ಲಿ ಚರ್ಮ ಹದ ಮಾಡೋನು ಅವನೊಬ್ಬನೇ. ಅವನ ಮನೆ ಮಗ್ಗುಲಲ್ಲೇ ತೊರೆ ಸುಣ್ಣಕಲ್ಲಿನ ಬಿಲಕ್ಕಿಳಿದು ಮಾಯವಾಗುತ್ತೆ. ಅವನ ಚರ್ಮದ ಹೊಲಸು ಅಲ್ಲಿಂದಲೇ ಇಳಿದು ಕೆಳಗೆ ನಮ್ಮ ಮನೆ ಮುಂದಿನ ಒರತೆಯಲ್ಲಿ ಏಳುತ್ತೆ ಅಂತ ನನ್ನ ಲೆಕ್ಕ. ಈಸ್ಟರ್ ಆದಮೇಲೆ ಆ ಒರತೆ ನಾರೋಕೆ ಶುರುವಾಯ್ತು. ತಾಯಿ ಹಾಲು ಸಾಲದೆ ಮೊಮ್ಮಗ ಲೋವ್ರೊಗೆ ಹಸುವಿನ ಹಾಲಿಗೆ ಅದೇ ನೀರು ಬೆರೆಸಿ ಕೊಡ್ತಿದ್ವಿ. ಕೂಸು ಭೇದಿಯಾಗಿ ಸೊರಗಿಹೋಯ್ತು.

ಚರ್ಚಿನಲ್ಲಿ ಕೂಸನ್ನೆತ್ತಿಕೊಂಡು ಧರ್ಮತಂದೆ ಆದೋನೂ ಇದೇ ಗಾಷ್ಪರ್! ವಿಷಯ ತಿಳಿದು ದಿನಾ ಬೆಳಿಗ್ಗೆ ಅವನ ಮನೆ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು ಒಂದು ಕೊಡ ತಂದು ನಮ್ಮ ಬಾಗಿಲಲ್ಲಿಡೋನು. ಕಳ್ಳನ ಉಪಚಾರ ಅಂತ ನಾನು ದಿನಾ ಅಂಗಳಕ್ಕೆ ಚೆಲ್ತಿದ್ದೆ.

ಒಂದಿನ ತಡೀಲಾರದೆ ಜವೆಗೋಧಿ ಹೊಟ್ಟು ಒಂದು ಚೀಲ ಹೊತ್ತು ಹೋಗಿ, ಅವನ ಕಣ್ಣೆದುರೇ ಬಿಲಕ್ಕೆ ಸುರಿದೆ. "ಇದು ನನ್ನ ಒರತೆಯಲ್ಲಿ ತೇಲಲಿ, ನಿನ್ನ ಬಂಡವಾಳ ಬಯಲಾಗುತ್ತೆ!"

"ತೇಲಲಿ ಬಿಡು ನೆಜಾ," ಅಂದ.

ಎರಡು ದಿನ ಒರತೆ ಕಾದೆ. ಒಂದು ಚೂರು ಹೊಟ್ಟೂ ಬರಲಿಲ್ಲ. ಬಲೆ ಕಟ್ಟಿ ಹಿಡಿದಿರ್ತಾನೆ, ಖದೀಮ! ಬೈಯೋಕೆ ಮತ್ತೆ ಮೇಲೂರಿಗೆ ಹತ್ತಿದೆ.

"ಅಯ್ಯೋ ಮಹಾತಾಯಿ, ಮನೇಲಿ ಉಳಿದಿರೋ ಹೊಟ್ಟನ್ನ ನಿನ್ನ ಹಿತ್ತಲ ಕಣಿವೆಯ ಗುಂಡಿಗೇ ಹಾಕಿ ನೋಡು," ಅಂದ.

ನಗು ಬಂತು. ಆ ಕಣಿವೆಯಲ್ಲಿ ಮಳೆ ಬಂದ ದಿನ ಬಿಟ್ರೆ ಹನಿ ನೀರಿಲ್ಲ. ಕ್ರಾಸ್ ಅನ್ನೋ ನಮ್ಮ ಸುಣ್ಣಕಲ್ಲಿನ ಸೀಮೆಯಲ್ಲಿ ನೆಲವೆಲ್ಲ ಕಲ್ಲು. ಸತ್ತ ದನ ಹೂಳೋಕಾಗಲ್ಲ, ಇಂಥ ಗುಂಡಿಗೇ ತಳ್ಳೋದು. ತಳವೇ ಇಲ್ಲ ಅಂತಾರೆ. ಈಸ್ಟರ್ ಹಿಂದಿನ ವಾರ ರೋಗದ ಹಸು ಸತ್ತಾಗ ನನ್ನ ಗಂಡ ಟೀನೆ ಅಗೆಯೋಕೆ ಹೊರಟಿದ್ದ. "ಸೊಂಟ ಮುರ್ಕೋಬೇಡ, ಗುಂಡಿಗೆ ತಳ್ಳು," ಅಂದವಳು ನಾನೇ.

ಮಧ್ಯಾಹ್ನ ಮಳೆ ಹುಯ್ದು ಕಣಿವೆ ನೀರು ಗುಂಡಿಗೆ ನುಗ್ಗುತ್ತಿತ್ತು. ಅವನ ಬಾಯಿ ಮುಚ್ಚಿಸೋಣ ಅಂತ ಹೊಟ್ಟು ಸುರಿದೆ.

ಸಂಜೆ ಸೊಸೆ ಒರತೆಯಿಂದ ನೀರು ತಂದಳು. "ಅತ್ತೇ, ಕೊಡದಲ್ಲೇನಿದು ಕಸ?" ಅಂದಳು. ನೋಡಿದೆ. ಹೊಟ್ಟು. ಮಧ್ಯಾಹ್ನ ನಾನೇ ಗುಂಡಿಗೆ ಸುರಿದದ್ದು. ಒಳಗೆ ಕೂಸು ಅಳೋಕೂ ಆಗದೆ ನರಳ್ತಿತ್ತು.

ಕೊಡ ಖಾಲಿ ಮಾಡಿ ಹಿಡ್ಕೊಂಡು ಮೇಲೂರಿಗೆ ಓಡಿದೆ. ಗಾಷ್ಪರ್ ಬಾಗಿಲಲ್ಲೇ ನಿಂತಿದ್ದ.

"ಯಾಕೆ ನೀರು? ಚೆಲ್ಲೋಕಾ?"

"ಕುಡಿಸೋಕೆ, ಅಣ್ಣಾ," ಅಂದೆ.