ನಲವತ್ತು ಪುಟದ ಭಾವ

ನಮ್ಮ ದೊಡ್ಡ ಭಾವ ಯಾರ ಮನೆಗೆ ಹೋದರೂ ಕೂರುವ ಮೊದಲು ಬಾಗಿಲು ಎಣಿಸುತ್ತಿದ್ದರು. ಅಕ್ಕನನ್ನು ಹೆಣ್ಣು ನೋಡಲು ಮೊದಲ ಸಲ ಬಂದ ದಿನವೂ ಹಾಗೇ. ಬೀರುವಿನ ಹಿಂದೆ ಮರೆತುಹೋಗಿದ್ದ ಬಾಗಿಲೊಂದನ್ನು ಪತ್ತೆಹಚ್ಚಿ, ಅದರಾಚೆಯಿಂದ ತಾತ ಇಪ್ಪತ್ತು ವರ್ಷದ ಹಿಂದೆ ಕಳೆದುಕೊಂಡಿದ್ದ ಕೊಡೆಯನ್ನೂ, ಕೊಡೆಯೊಳಗೆ ಸಂಸಾರ ಹೂಡಿದ್ದ ಬೆಕ್ಕನ್ನೂ ಹೊರತಂದರು. ಬೆಕ್ಕು ನಾನು ಸೇರಿಸಿದ್ದು, ಕೊಡೆ ಸತ್ಯ.

ಅವರ ಕೆಲಸವೇ ಅದು. ಅಣುಬಾಂಬಿಗೆ ಒದಗುವ ಸರಕು ಯಾವ ದೇಶದಲ್ಲಿ ಎಷ್ಟಿದೆಯೆಂದು ಹೋಗಿ ನೋಡಿ, ಅದನ್ನು ತುಂಬಿಟ್ಟ ಪೀಪಾಯಿಗಳಿಗೆ ತಂತಿ ಬಿಗಿದು ಸೀಲು ಒತ್ತಿ ಬರುವ ತಪಾಸಣಾಧಿಕಾರಿ. ಮೊಣಕೈ ಸವೆದ ಕಂದು ಕೋಟಿನ ಬಲಜೇಬಿನ ತುಂಬ ತಂತಿ. ಆ ಭಾರಕ್ಕೆ ಬಲಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಸಣ್ಣ ದೇಶಗಳಿಗೆ ನಲವತ್ತು ಪುಟದ ನಮೂನೆ, ಬಚ್ಚಲಿನ ಕಿಟಕಿಯನ್ನೂ ಬಿಡುವಂತಿಲ್ಲ. ಬಾಂಬುಗಳನ್ನು ಆಗಲೇ ರಾಶಿ ಹಾಕಿಕೊಂಡಿದ್ದ ದೊಡ್ಡ ದೇಶಗಳಿಗೆ ಒಂದೂವರೆ ಪುಟ. ತೋರಿಸಿದಷ್ಟನ್ನು ನೋಡಿ ಬಂದರೆ ಮುಗಿಯಿತು.

ಒಮ್ಮೆ ದೊಡ್ಡ ದೇಶಕ್ಕೆ ಹೊರಟಾಗ ಅವಸರದಲ್ಲಿ ನಲವತ್ತು ಪುಟದ್ದನ್ನೇ ಚೀಲಕ್ಕೆ ತುರುಕಿದರು. ಅಲ್ಲಿ ಬಿಚ್ಚಿದಾಗ ತಪ್ಪು ತಿಳಿಯಿತು. ಆದರೂ ಮೊದಲ ಪ್ರಶ್ನೆ ಕೇಳಿಯೇಬಿಟ್ಟರು: "ಒಟ್ಟು ಬಾಗಿಲು ಎಷ್ಟು ಸಾರ್?"

ಅಲ್ಲಿಯ ಇಂಜಿನಿಯರ್ ನಕ್ಕ. "ಆ ಫಾರಂ ನಮಗಲ್ಲ ಸಾರ್. ನಾವು ಜವಾಬ್ದಾರಿ ಇರೋರು."

"ಹೋದ ತಿಂಗಳು ಒಂದು ಸಣ್ಣ ದೇಶದೋರೂ ಹಿಂಗೇ ಅಂದ್ರು. ಅವರ ಹತ್ರ ಒಂದು ಬಾಂಬೂ ಇಲ್ಲ, ಪಾಪ. ಆದ್ರೂ ನಂಬಲಿಲ್ಲ ನಾವು."

ಕಾಫಿ ಕೊಟ್ಟರು, ಬಾಗಿಲು ತೋರಿಸಲಿಲ್ಲ. ಭಾವ ನಲವತ್ತು ಪುಟಗಳಲ್ಲೂ 'ಕೇಳಿದೆ, ತೋರಿಸಲಿಲ್ಲ' ಎಂದು ದುಂಡಗೆ ಬರೆದು ತಂದರು.

ಮೇಲಧಿಕಾರಿ ತಲೆಯ ಮೇಲೆ ಕೈಹೊತ್ತು ಕೂತರು. "ಒಂದೂವರೆ ಪುಟದ್ದು ಬರೆದುಕೊಡಿ ಮಾರಾಯ್ರೆ. ಇಲ್ಲಾಂದ್ರೆ ನಿಮ್ಮನ್ನ ಇನ್ನೆಲ್ಲೂ ಕಳಿಸೋಕಾಗಲ್ಲ. ಕಡತದ ಕೋಣೇಲಿ ಕೂರಬೇಕಾಗುತ್ತೆ."

ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗುತ್ತಿದ್ದ ಮನುಷ್ಯನಿಗೆ ಅದು ಸೆರೆಮನೆಯೇ. ಮನೆಯಲ್ಲಿ ಅಕ್ಕ ಕೇಳಿದಳು: "ಬರೆದುಕೊಟ್ಟು ಕೈತೊಳಕೊಳ್ಳಬಾರದೇನ್ರೀ?"

"ಕೊಡಬಹುದು ಕಣೇ. ಆದ್ರೆ ಒಂದು ಸಣ್ಣ ದೇಶದಲ್ಲಿ ಒಬ್ಬ ಮುದುಕ ಕಾವಲುಗಾರನ ಊಟದ ಡಬ್ಬಿ ಬಿಚ್ಚಿಸಿ ನೋಡಿದ್ದೀನಿ. ಅವನಿಗೆ ಯಾವ ಮುಖ ತೋರಿಸ್ಲಿ?"

ಮಾರನೆಯ ದಿನ ತಂತಿಯ ಸುರುಳಿಯನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟು, ಕಡತದ ಕೋಣೆಗೆ ನಡೆದರು. ಯಾರೂ ಓದದ ತಮ್ಮ ನಲವತ್ತು ಪುಟಗಳನ್ನು ಸಣ್ಣ ದೇಶಗಳ ವರದಿಗಳ ನಡುವೆಯೇ, ಅಕ್ಷರಕ್ರಮ ತಪ್ಪದಂತೆ ಸೇರಿಸಿಟ್ಟರು.

ಇಂಥವರಿಂದ ಲೋಕ ತಿದ್ದಿಕೊಳ್ಳುತ್ತದೆ ಎನ್ನಲಾರೆ. ನನ್ನ ಸುಳ್ಳಿಗೂ ಒಂದು ಮಿತಿಯಿದೆ. ಬಲವಿಲ್ಲದವನ ಮುಂದೆ ಬಿಗಿಯಾಗಿ ನಿಂತ ಮೇಲೆ, ಬಲಶಾಲಿಯ ಮುಂದೆ ಸಡಿಲವಾಗಲು ನಾಚುವ ಜನ ಇವರು. ಆ ನಾಚಿಕೆಯೊಂದೇ ಅವರ ಆಯುಧ, ಅದನ್ನು ಯಾರೂ ಸೀಲು ಹಾಕಿಡಲಾರರು.