ಒಲೆಯ ಪಾಲಿನ ರೆಕ್ಕೆ

ಸಾಹೇಬರಿಗೆ ಬಿಟ್ಟಿ ಕೋಳಿ ಕೊಡುವುದಿಲ್ಲವೆಂದು ಇಡೀ ಕೇರಿಯೊಂದಿಗೆ ದೇವರ ಭಂಡಾರ ಮುಟ್ಟಿ ಆಣೆ ಮಾಡಿದ್ದ ದ್ಯಾವಪ್ಪ, ಒಂಬತ್ತನೆಯ ದಿನ ಹೆಂಡತಿಗೆ ಸುಳ್ಳು ಹೇಳಿ ಮನೆಯ ಹುಂಜವನ್ನು ಕೊಯ್ಯಿಸಿದ.

ಹೆಂಡತಿ ಪಕ್ಕೀರವ್ವನಿಗೆ ಆ ಸುಳ್ಳು ಇನ್ನೂ ಗೊತ್ತಿರಲಿಲ್ಲ. “ಮಗಳು ಸುಟ್ಟ ಕೋಳಿ ಕೇಳ್ಯಾಳ. ಬಸುರಿ ಬಯಕಿ, ಇವತ್ತ ಮಾಡಿಬಿಡು” ಎಂದು ಮುಂಜಾನೆ ಹೇಳಿದ್ದ. ಏಳು ತಿಂಗಳ ಪಾರಮ್ಮ ತವರಿಗೆ ಬಂದಾಗಿನಿಂದ ಕೇಳುತ್ತಿದ್ದುದೂ ನಿಜವೇ. ಕಂದಾಯದ ಗಿರ್ದಾವರ ಸಾಹೇಬ ಕುಕನೂರಿನಿಂದ ಬಂದು ಚಾವಡಿಯಲ್ಲಿ ಇಳಿದಾಗಲೆಲ್ಲ ಈ ಮನೆಯ ಕೋಳಿ ಹೋಗಿತ್ತು. ಈ ಸಲದ್ದು ಮಗಳ ಬಾಯಿಗೆ ಬೀಳುತ್ತದಲ್ಲ ಎಂದು ಪಕ್ಕೀರವ್ವನ ಕಾಲು ನೆಲಕ್ಕೆ ತಾಗಿರಲಿಲ್ಲ.

ಪುಕ್ಕ ಕಿತ್ತು, ಜೋಳದ ದಂಟಿನ ಉರಿಯಲ್ಲಿ ಹೊರಳಿಸಿ, ಉಪ್ಪು, ಅರಿಸಿನ, ಬೆಳ್ಳುಳ್ಳಿ, ಕುಟ್ಟಿದ ಖಾರ ಒಳಗೂ ಹೊರಗೂ ಸವರಿದ್ದಳು. ಸಲಾಕೆಗೆ ಚುಚ್ಚಿ ಎರಡು ಕಲ್ಲಿನ ನಡುವೆ ಜಾಲಿಯ ಕೆಂಡದ ಮೇಲೆ ಇಟ್ಟು ತಿರುವಿದಂತೆಲ್ಲ ಜಿಡ್ಡು ಚುರ್ರೆಂದು ತೊಟ್ಟಿಕ್ಕಿತು. ಹೊತ್ತಿನ್ನೂ ಮುಳುಗಿರಲಿಲ್ಲ.

“ಆತೇನಬೇ?” ಪಾರಮ್ಮ ನಾಲ್ಕನೆಯ ಸಲ ಕೇಳಿದಳು.

“ಸುಮ್ನ ಕುಂದ್ರ. ಹೊಟ್ಟ್ಯಾಗಿಂದು ಹೊರಗ ಬಂದು ಕಸಗೊಂಡೀತು” ಎಂದು ಪಕ್ಕೀರವ್ವನ ಅತ್ತೆ ಹೊಳಿಯಮ್ಮ ರೊಟ್ಟಿ ಬಡಿಯುತ್ತಲೇ ನಕ್ಕಳು.

ಕೋಳಿ ಇಳಿಯಿತು. ಆ ಮನೆಯಲ್ಲಿ ಇಡೀ ಕೋಳಿ ಸುಟ್ಟರೆ ಮೊದಲ ರೆಕ್ಕೆ ಒಲೆಗೆ. ಅದು ಬೆಂಕಿಗೆ ಬಿದ್ದ ಮೇಲೆಯೇ ಉಳಿದದ್ದು ಮನೆಯವರ ಬಾಯಿಗೆ. ಪಕ್ಕೀರವ್ವ ರೆಕ್ಕೆಗೆ ಕೈ ಹಾಕಿದಳು. ಹೊರಗಿನಿಂದ ಬಂದ ದ್ಯಾವಪ್ಪ ಆ ಕೈ ಹಿಡಿದ.

“ಮುರೀಬ್ಯಾಡ. ಇಡೀದ ಬೇಕಂತ.”

“ಯಾರಿಗಿರಿ?”

ಅವನು ಹಿಂದಕ್ಕೆ ತಿರುಗಿ ನೋಡಿದ. ಬಾಗಿಲಲ್ಲಿ ಊರ ಗೌಡರ ಆಳು ತಿರುಪತಿ ಹಿತ್ತಾಳೆಯ ತಾಟು, ಮೇಲೆ ಮುಚ್ಚಲು ಬಿಳಿ ಅರಿವೆ ಹಿಡಿದು ನಿಂತಿದ್ದ. ಪಕ್ಕೀರವ್ವನ ಕಣ್ಣು ತಾಟಿನ ಮೇಲೆ ನಿಂತಿತು.

“ಚಾವಡಿ ಜವಾನನ ಕೆಲಸ ಕೊಡಸ್ತೀನಿ ಅಂದಾರ ಗೌಡ್ರು” ಎಂದ ದ್ಯಾವಪ್ಪ, ದನಿ ತಗ್ಗಿಸಿ. “ಇದು ಬಿಟ್ಟಿ ಅಲ್ಲ. ನಾನ ಪ್ರೀತಿಲೆ ಕೊಡೂದು.”

“ಭಂಡಾರ ಮುಟ್ಟಿದ್ದು?”

“ಎಲ್ಲಾರೂ ಮುಟ್ಟ್ಯಾರ. ಎಷ್ಟು ದಿನ ತಡೀತಾರ ನೋಡೂಣು.”

“ನಮ್ಮ ಕೇರಿ ಹುಲಿಗವ್ವ ತನ್ನ ಕೋಳಿ ಕೊಡ್ಲಿಲ್ಲಂತ ಮೊನ್ನಿ ಅಕಿ ಗಂಡನ್ನ ಚಾವಡಿ ಬಿಸಲಾಗ ನಿಂದ್ರಿಸಿದ್ರು. ಅಂವ ನಿಂತ.”

“ಅಂವಗ ಬುದ್ಧಿ ಇಲ್ಲ.”

ಹೊಳಿಯಮ್ಮನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. “ಬಸುರಿ ಹೆಣ್ಣಮಗಳ ಹೆಸರ ಹೇಳಿ ಕೊಯ್ಸಿದೆಲ್ಲೋ” ಎಂದಳು.

“ಕೊಟ್ಟಬಿಡಬೇ, ನನಗ ಬ್ಯಾಡಾತು” ಎಂದಳು ಪಾರಮ್ಮ. ಅಂದವಳು ಉಗುಳು ನುಂಗಿದ್ದನ್ನು ಪಕ್ಕೀರವ್ವ ನೋಡಿದಳು.

“ಆರತೈತಿ. ಸಾಹೇಬ್ರು ಕುಂತಾರ” ಎಂದ ತಿರುಪತಿ, ತಾಟು ಮುಂದೆ ಹಿಡಿದು.

“ತಾಟಿಗಿಡು” ಎಂದ ದ್ಯಾವಪ್ಪ.

ಪಕ್ಕೀರವ್ವ ಗಂಡನ ಕೈ ಬಿಡಿಸಿಕೊಂಡಳು. ಇಪ್ಪತ್ತು ವರ್ಷ ಅವನಿಗೆ ‘ರಿ’ ಹಚ್ಚದೆ ಮಾತಾಡಿರಲಿಲ್ಲ ಅವಳು. ರೆಕ್ಕೆಯನ್ನು ಬುಡದಿಂದ ಲಟಕ್ಕನೆ ಮುರಿದು ಕೆಂಡಕ್ಕೆ ಹಾಕಿದಳು. ಹೊಗೆ ಎದ್ದು ಬಾಗಿಲತನಕ ಹೋಯಿತು.

“ತಾಟಿಗಿಡು ಅಂದೆ.”

“ಇಡೂದಿಲ್ಲ, ಹೋಗು” ಎಂದು ಅವಳು ತೊಡೆಯನ್ನು ಹರಿದು ಮಗಳ ರೊಟ್ಟಿಯ ಮೇಲಿಟ್ಟಳು.